ಬಾಡುವ ಹೂವು, ಕಾಯಿಕಟ್ಟುವ ಹೂವು

ಆಂಗ್ಲ ಭಾವಗೀತೆಗಳ ಹೂವು ಬಾಡುವುದಕ್ಕೆಂದೇ ಅರಳುತ್ತದೆಯೋ ಎಂಬ ಸಂದೇಹ ಓದುಗನಿಗೆ ಒಮ್ಮೊಮ್ಮೆ ಬರುತ್ತದೆ. ರಾಬರ್ಟ್ ಹೆರಿಕ್ ಕವಿಯ ಡ್ಯಾಫೊಡಿಲ್ ನಡುಹಗಲಿಗೆ ಮುನ್ನವೇ ಹೊರಟು ನಿಲ್ಲುತ್ತದೆ. ಸಂಜೆಯ ಪ್ರಾರ್ಥನೆಯವರೆಗಾದರೂ ಇರೆಂದು ಕವಿ ಅದನ್ನು ಬೇಡಿಕೊಳ್ಳುತ್ತಾನೆ. ಎಡ್ಮಂಡ್ ವಾಲರನ ಗುಲಾಬಿ ತಾನು ಸತ್ತು ನಲ್ಲೆಗೆ ಅವಳ ವಿಧಿಯನ್ನು ತೋರಿಸಬೇಕು. ಬಾಳು ಕ್ಷಣಿಕ ಎಂಬುದೇ ಇಬ್ಬರ ಮಾತಿನ ಸಾರ.

ಇದನ್ನು ಬರಿಯ ಕವಿಸಮಯವೆಂದು ತಳ್ಳಿಬಿಡಲಾಗದು. ಹೆರಿಕ್ ಡೆವನ್ ಸೀಮೆಯ ಡೀನ್ ಪ್ರಯರ್ ಎಂಬ ಹಳ್ಳಿಯಲ್ಲಿ ಪಾದ್ರಿಯಾಗಿದ್ದವನು. 1647ರಲ್ಲಿ ಆ ಹುದ್ದೆ ಹೋಯಿತು. ಮರುವರ್ಷ ಅವನ ‘ಹೆಸ್ಪೆರಿಡೀಸ್’ ಅಚ್ಚಾಯಿತು. ತನ್ನೂರಿನ ಹೂವನ್ನು ಕಣ್ಣಾರೆ ಕಂಡವನ ದುಃಖ ಅದು.

1926ರಲ್ಲಿ ಬಿ. ಎಂ. ಶ್ರೀಕಂಠಯ್ಯನವರ ‘ಇಂಗ್ಲಿಷ್ ಗೀತಗಳು’ ಬಂದಮೇಲೆ ಕನ್ನಡ ಕವಿತೆಗೆ ಹೊಸ ಬಾಗಿಲು ತೆರೆಯಿತು. ಸಮರ್ಥರು ಬಂದುದನ್ನು ಅರಗಿಸಿಕೊಂಡರು. ಥಾಮಸ್ ಗ್ರೇ 1751ರಲ್ಲಿ ಪ್ರಕಟವಾದ ತನ್ನ ಶೋಕಗೀತದಲ್ಲಿ, ಯಾರೂ ಕಾಣದೆಡೆ ಅರಳಿದ ಹೂವಿನ ಕಂಪು ವ್ಯರ್ಥವಾಯಿತೆಂದು ಮರುಗಿದ. ಡಿ. ವಿ. ಗುಂಡಪ್ಪನವರ ‘ವನಸುಮ’ವಾದರೋ ಅಂಥ ಮರೆಯ ಬಾಳನ್ನೇ ವರವಾಗಿ ಬೇಡಿತು. ಹೂವು ಅದೇ, ದೃಷ್ಟಿ ನಮ್ಮದು. ಆದರೆ ಅನುಯಾಯಿಗಳಲ್ಲಿ ಅನೇಕರು ಕಡ ತಂದದ್ದು ನಿಟ್ಟುಸಿರನ್ನು ಮಾತ್ರ. ಅವರ ಹೂವಿಗೆ ಹೆಸರೂ ಇಲ್ಲ, ಊರೂ ಇಲ್ಲ.

ಗೋಕಾಕ, ಮೂಡಲಗಿ, ಹುಕ್ಕೇರಿಗಳ ವಿದ್ಯಾರ್ಥಿ ಡ್ಯಾಫೊಡಿಲ್ಲನ್ನು ಪಾಠದ ಪುಸ್ತಕದಲ್ಲಷ್ಟೇ ಕಂಡಾನು. ಹತ್ತಿಯ ಹೂವನ್ನು ಅವನಿಗೆ ಯಾರೂ ತೋರಿಸಬೇಕಾಗಿಲ್ಲ. ಎರೆಹೊಲದಲ್ಲಿ ಬೆಳಿಗ್ಗೆ ಬಿಳಿಯಾಗಿಯೋ ಹಳದಿಯಾಗಿಯೋ ಅರಳುತ್ತದೆ, ಮರುದಿನಕ್ಕೆ ಕೆಂಪೇರಿ ಮುದುಡುತ್ತದೆ, ಆಮೇಲೆ ಉದುರುತ್ತದೆ. ಹೆರಿಕ್‌ನ ಹೂವಿಗಿಂತ ದೀರ್ಘವಾದ ಆಯುಷ್ಯವೇನೂ ಇದಕ್ಕಿಲ್ಲ. ಆದರೂ ಒಕ್ಕಲಿಗ ಅಳುವುದಿಲ್ಲ. ಹೂ ಬಿದ್ದಲ್ಲಿ ಕಾಯಿ ನಿಂತಿರುತ್ತದೆ. ಘಟಪ್ರಭೆಯ ಧಬಧಬೆಯ ಬಳಿ ಹತ್ತೊಂಬತ್ತನೆಯ ಶತಮಾನದಲ್ಲೇ ನೂಲಿನ ಗಿರಣಿ ಎದ್ದದ್ದು ಇಂಥ ಕಾಯಿಗಳನ್ನು ನೆಚ್ಚಿಯೇ.

ಹಾಗಾದರೆ ಈ ನಾಡಿನ ಹೂವಿಗೆ ದುಃಖವೇ ಇಲ್ಲವೆ? ಇದೆ. ಮಳೆ ಕೈಕೊಟ್ಟ ವರ್ಷ ಮೊಗ್ಗು, ಹೂವು ಕಾಯಿಕಟ್ಟದೆ ಉದುರುತ್ತವೆ. ಆಗ ಕಳೆದುಹೋಗುವುದು ಒಂದು ಮುಂಜಾವಿನ ಚೆಲುವಲ್ಲ, ಒಂದು ಮನೆಯ ಇಡೀ ವರುಷ. ಬಾಳಿನ ಅಲ್ಪತೆಗೆ ಇದಕ್ಕಿಂತ ನಿಷ್ಠುರವಾದ ಪ್ರತಿಮೆ ಯಾವುದು?

ಗೋಕಾಕ ತಾಲೂಕಿನ ಬೆಟಗೇರಿಯಲ್ಲಿ 1900ರಲ್ಲಿ ಹುಟ್ಟಿದ ಕೃಷ್ಣಶರ್ಮರು ‘ಆನಂದಕಂದ’ರಾಗಿ ಈ ಸೀಮೆಯ ಆಡುಮಾತಿಗೆ ಕಾವ್ಯದ ಮನ್ನಣೆ ತಂದರು. ಮಾತು ಸಿದ್ಧವಾಗಿದೆ, ಹೊಲವೂ ಎದುರಿಗಿದೆ. ಹೆರಿಕ್‌ನಿಂದ ನಮ್ಮ ತರುಣ ಕವಿಗಳು ಕಲಿಯಬೇಕಾದದ್ದು ಅವನ ಕಣ್ಣೀರನ್ನಲ್ಲ, ಅವನ ಕಣ್ಣನ್ನು.