ಸಂಸೃಷ್ಟಿಯೂ ಸಂಕರವೂ: ‘ರಿವಾಲ್ವರ್’ ಮುದ್ರಿಕೆಯೂ ಧ್ವನಿಮಿಶ್ರಣದ ವಿದ್ಯಾರ್ಥಿಯೂ

ಒಂದೇ ಪದ್ಯದೊಳಗೆ ಹಲವು ಅಲಂಕಾರಗಳು ಕೂಡಿಬರುವ ಬಗೆಯನ್ನು ನಮ್ಮ ಆಲಂಕಾರಿಕರು ಎರಡಾಗಿ ವಿಂಗಡಿಸಿರುವರು. ಎಳ್ಳೂ ಅಕ್ಕಿಯೂ ಬೆರೆತಂತೆ ಪ್ರತಿಯೊಂದೂ ಬೇರೆಯಾಗಿಯೇ ತೋರುತ್ತಿದ್ದರೆ ಅದು ಸಂಸೃಷ್ಟಿ. ಹಾಲೂ ನೀರೂ ಬೆರೆತಂತೆ ಒಂದರಲ್ಲೊಂದು ಲೀನವಾಗಿದ್ದರೆ ಅದು ಸಂಕರ. ಈ ವಿವೇಚನೆಯು ಕಾವ್ಯಕ್ಕೆ ಮಾತ್ರವೇ ಸಲ್ಲತಕ್ಕುದೆಂದು ಎಣಿಸಬೇಕಾಗಿಲ್ಲ. ಇಂದು ದೇಶದೇಶಗಳ ತರುಣರು ಆಸಕ್ತಿಯಿಂದ ಕಲಿಯುತ್ತಿರುವ ಒಂದು ವಿದ್ಯೆಯುಂಟು. ರಾಕ್ ಎಂಬ ಪಾಶ್ಚಾತ್ಯ ಸಂಪ್ರದಾಯದ ವಾದ್ಯಮೇಳಗಳ ಧ್ವನಿಗಳನ್ನು ಬಿಡಿಬಿಡಿಯಾಗಿ ಹಿಡಿದು, ಅವುಗಳ ಪ್ರಮಾಣವನ್ನು ಹೆಚ್ಚುಕಡಮೆ ಮಾಡಿ, ಒಂದಾಗಿ ಕೂಡಿಸಿ ಶ್ರೋತೃಗಳಿಗೆ ಒಪ್ಪಿಸುವ ಈ ವಿದ್ಯೆಗೆ ಮಿಕ್ಸಿಂಗ್ ಎಂದು ಹೆಸರು. ಅದರ ಗುಣದೋಷಗಳನ್ನು ತೂಗುವುದಕ್ಕೆ ಮೇಲೆ ಹೇಳಿದ ತಕ್ಕಡಿಗಿಂತ ಒಳ್ಳೆಯದು ದೊರೆಯಲಾರದು.

ಇಂದಿನ ವಿದ್ಯಾರ್ಥಿಗೆ ಸಾಮಗ್ರಿಯ ಕೊರತೆಯೆಂಬುದಿಲ್ಲ. ಒಂದು ಡ್ರಮ್ಮಿನ ಜೋಡಣೆಗೇ ಎಂಟು ಹತ್ತು ಮೈಕ್ರೋಫೋನುಗಳನ್ನಿಟ್ಟು, ಒಂದೊಂದರ ಧ್ವನಿಯನ್ನೂ ಒಂದೊಂದು ಟ್ರ್ಯಾಕಿನಲ್ಲಿ, ಎಂದರೆ ಬೇರೆಬೇರೆ ದಾರಿಯಲ್ಲಿ, ಗಣಕಯಂತ್ರದೊಳಗೆ ಶೇಖರಿಸಬಹುದು. ತನಗೆ ವಾದ್ಯಮೇಳ ದೊರೆಯದಿದ್ದರೂ ಬಾಧಕವಿಲ್ಲ. ಮೈಕ್ ಸೀನಿಯರ್ ಎಂಬ ಲೇಖಕರು 2011ರಲ್ಲಿ ಸಣ್ಣ ಸ್ಟುಡಿಯೋಗಳವರಿಗಾಗಿ ಮಿಶ್ರಣವಿದ್ಯೆಯ ಗ್ರಂಥವೊಂದನ್ನು ಪ್ರಕಟಿಸಿ, ಅದರೊಡನೆ ಅಭ್ಯಾಸಕ್ಕೆಂದು ಅನೇಕ ಗೀತಗಳ ಬಿಡಿ ಟ್ರ್ಯಾಕುಗಳನ್ನು ಉಚಿತವಾಗಿ ಒದಗಿಸಿರುವರು. ಮಾಡಿದುದನ್ನು ಅಳಿಸಬಹುದು; ಅಳಿಸಿದುದನ್ನು ಮರಳಿ ಪಡೆಯಬಹುದು. ಇಷ್ಟು ಸೌಕರ್ಯವಿದ್ದೂ ವಿದ್ಯಾರ್ಥಿಯ ಕೃತಿಯು ಬಹುಮಟ್ಟಿಗೆ ಎಳ್ಳಕ್ಕಿಯಾಗಿಯೇ ಉಳಿಯುವುದು. ಗಿಟಾರ್ ಸ್ಪಷ್ಟ, ಡ್ರಮ್ ಸ್ಪಷ್ಟ, ಕಂಠ ಸ್ಪಷ್ಟ. ಹಾಡು ಮಾತ್ರ ಎಲ್ಲಿಯೂ ಇಲ್ಲ. ಇದಕ್ಕೆ ಕಾರಣವೇನು? ನಿರ್ಣಯವನ್ನು ಕಡೆಯ ಗಳಿಗೆಯವರೆಗೆ ಮುಂದೂಡಬಹುದೆಂಬ ಭರವಸೆಯೇ ಮುಖ್ಯವಾದ ಕಾರಣವೆಂದು ತೋರುವುದು.

ವಾಸ್ತವವಾಗಿ ನೋಡಿದರೆ ಮಿಶ್ರಣವು ಯಂತ್ರದ ಮುಂದೆ ಕುಳಿತಾಗ ಮೊದಲಾಗುವ ಕೆಲಸವಲ್ಲ. ಮೈಕ್ರೋಫೋನನ್ನು ನೆಲದ ಮೇಲೆ ನಿಲ್ಲಿಸಿದಾಗಲೇ ಅದು ಮೊದಲಾಗಿರುವುದು. ಧ್ವನಿಯು ಗಾಳಿಯಲ್ಲಿ ಒಂದು ಮೀಟರ್ ದೂರವನ್ನು ದಾಟುವುದಕ್ಕೆ ಸುಮಾರು 3 ಮಿಲಿಸೆಕೆಂಡ್ ಹಿಡಿಯುತ್ತದೆ. ಒಂದೇ ಪೆಟ್ಟನ್ನು ಎರಡು ಮೈಕ್ರೋಫೋನುಗಳು ಕೇಳುತ್ತಿದ್ದು, ಅವುಗಳ ದೂರದಲ್ಲಿ ಸುಮಾರು 34 ಸೆಂಟಿಮೀಟರ್ ವ್ಯತ್ಯಾಸವಿದ್ದರೆ, ಒಂದು ಮತ್ತೊಂದಕ್ಕಿಂತ 1 ಮಿಲಿಸೆಕೆಂಡ್ ತಡವಾಗಿ ಕೇಳುವುದು. ಆ ಎರಡನ್ನೂ ಸಮಪ್ರಮಾಣದಲ್ಲಿ ಕೂಡಿಸಿದರೆ 500 ಹರ್ಟ್ಸ್ ಆವೃತ್ತಿಯ ಧ್ವನಿಯು ತನ್ನನ್ನು ತಾನೇ ಅಳಿಸಿಕೊಳ್ಳುವುದು. ಕೂಡಿಸಿದುದರಿಂದಲೇ ಕಳೆಯುವ ಈ ವಿಚಿತ್ರವನ್ನು ಅರಿಯದವನು ಮೈಕ್ರೋಫೋನುಗಳನ್ನು ಹೆಚ್ಚಿಸಿದಷ್ಟೂ ಡ್ರಮ್ಮಿನ ಮೈಯನ್ನು ಕರಗಿಸುತ್ತ ಹೋಗುವನು.

ಈ ವಿದ್ಯೆಯನ್ನು ಬಡತನದಲ್ಲಿ ಕಲಿತವರು ಹೇಗೆ ನಡೆದುಕೊಂಡರೆಂಬುದಕ್ಕೆ ಬೀಟಲ್ಸ್ ಮೇಳದವರ ‘ರಿವಾಲ್ವರ್’ ಒಳ್ಳೆಯ ನಿದರ್ಶನ. ಲಂಡನ್ನಿನ ಆ್ಯಬಿ ರೋಡಿನಲ್ಲಿರುವ ಇ.ಎಂ.ಐ. ಸಂಸ್ಥೆಯ ಸ್ಟುಡಿಯೋಗಳಲ್ಲಿ 1966ರ ಏಪ್ರಿಲ್ 6ರಂದು ಇದರ ಕೆಲಸ ಮೊದಲಾಗಿ, ಆಗಸ್ಟ್ 5ರಂದು ಮುದ್ರಿಕೆಯು ಹೊರಬಂದಿತು. ನಿರ್ಮಾಪಕರು ಜಾರ್ಜ್ ಮಾರ್ಟಿನ್. ಧ್ವನಿಗಳನ್ನು ತೂಗುವ ಪದವಿಗೆ ಆ ಸಂಸ್ಥೆಯಲ್ಲಿ ‘ಬ್ಯಾಲೆನ್ಸ್ ಎಂಜಿನಿಯರ್’ ಎಂದೇ ಹೆಸರಿದ್ದಿತು. ಆ ಪದವಿಯಲ್ಲಿ ಅಂದು ಕುಳಿತವರು ಇಪ್ಪತ್ತು ವರ್ಷದ ಜೆಫ್ ಎಮೆರಿಕ್. ಅವರು ಹದಿನಾರನೆಯ ವಯಸ್ಸಿನಲ್ಲಿ, 1962ರಲ್ಲಿ, ಅಲ್ಲಿಗೆ ಸಹಾಯಕರಾಗಿ ಬಂದವರು; ಟೇಪ್ ಯಂತ್ರವನ್ನು ನಡೆಸುತ್ತ, ಹಿರಿಯರು ಮಾಡುವುದನ್ನು ನೋಡುತ್ತ ಕಲಿತವರು. ಗುರುಕುಲದಲ್ಲಿ ಸಮಿತ್ತು ತರುವವನ ವಿದ್ಯಾಭ್ಯಾಸವೂ ಇವರದೂ ಒಂದೇ ಜಾತಿಯವು. ನಿಯಮವನ್ನು ಪಾಲಿಸಿ ಅರಿತವನಿಗೆ ಮಾತ್ರವೇ ಅದನ್ನು ಎಲ್ಲಿ ಮುರಿಯಬಹುದೆಂಬುದು ತಿಳಿಯುವುದು.

ಅವರ ಕೈಯಲ್ಲಿದ್ದುದು ನಾಲ್ಕೇ ಟ್ರ್ಯಾಕುಗಳ ಟೇಪು. ನಾಲ್ಕೂ ತುಂಬಿದರೆ ಅವನ್ನು ಕೂಡಿಸಿ, ಇನ್ನೊಂದು ಟೇಪಿಗೆ ಇಳಿಸಿ, ಉಳಿದ ಜಾಗದಲ್ಲಿ ಮುಂದಿನ ಧ್ವನಿಗಳನ್ನು ಹಿಡಿಯಬೇಕಾಗಿದ್ದಿತು. ‘ಎಲೀನರ್ ರಿಗ್ಬಿ’ ಎಂಬ ಹಾಡಿಗೆ ನಾಲ್ಕು ವಯೊಲಿನ್, ಎರಡು ವಯೋಲಾ, ಎರಡು ಚೆಲ್ಲೋ, ಹೀಗೆ ಎಂಟು ತಂತೀವಾದ್ಯಗಳು. ಅವನ್ನು ಏಪ್ರಿಲ್ 28ರಂದು ನಾಲ್ಕು ಟ್ರ್ಯಾಕುಗಳಲ್ಲಿ ಹಿಡಿದು, ಕಂಠಕ್ಕೆ ಸ್ಥಳ ಮಾಡುವುದಕ್ಕಾಗಿ ಒಂದೇ ಟ್ರ್ಯಾಕಿಗೆ ಇಳಿಸಿದರು. ಕಂಠವು ಟೇಪಿಗೆ ಬರುವ ಮೊದಲೇ ಎಂಟು ವಾದ್ಯಗಳ ಪರಸ್ಪರ ತೂಕವು ನಿಶ್ಚಯವಾಗಿ ಹೋಯಿತು. ಇನ್ನೂ ಕೇಳದ ಹಾಡನ್ನು ಮನಸ್ಸಿನಲ್ಲಿ ಕೇಳಿ ಈ ನಿಶ್ಚಯವನ್ನು ಮಾಡಬೇಕು. ಇದೇ ಮಿಶ್ರಣದ ಮರ್ಮ. ಮೈಕ್ರೋಫೋನುಗಳನ್ನು ತಂತಿಗಳ ಮಗ್ಗುಲಿಗೇ ತಂದಿಟ್ಟುದರಿಂದ ವಾದಕರು ಬೇಸರಪಟ್ಟು ಕುರ್ಚಿಗಳನ್ನು ಹಿಂದಕ್ಕೆ ಸರಿಸುತ್ತಿದ್ದರೆಂದು ಎಮೆರಿಕ್ ನೆನೆದಿರುವರು. ಆದರೆ ಒಂಟಿತನವನ್ನು ಹಾಡುವ ಗೀತಕ್ಕೆ ಸಭಾಮಂದಿರದ ಮೃದುವಾದ ಅನುರಣನವು ಸಲ್ಲದು. ಕಮಾನು ತಂತಿಯನ್ನು ಕೊರೆಯುವ ಒರಟುತನವೇ ಅಲ್ಲಿ ಉಚಿತ. ಕ್ಷೇಮೇಂದ್ರನು ಔಚಿತ್ಯವನ್ನು ಕಾವ್ಯದ ಜೀವಿತವೆಂದುದು ಇಲ್ಲಿಯೂ ಒಪ್ಪುವುದು.

ಮುದ್ರಿಕೆಯ ಕಡೆಯ ಹಾಡಾದ ‘ಟುಮಾರೋ ನೆವರ್ ನೋಸ್’ ಈ ಔಚಿತ್ಯಕ್ಕೆ ಇನ್ನೂ ದೊಡ್ಡ ಸಾಕ್ಷಿ. ಮೊದಲ ದಿನವೇ ಕೈಗೆತ್ತಿಕೊಂಡ ಹಾಡಿದು. ತಂಬೂರಿಯ ಶ್ರುತಿಯೊಡನೆ, ಒಂದೇ ಆಧಾರಸ್ವರದ ಮೇಲೆ ಇಡೀ ಗೀತವು ನಿಂತಿರುವುದು. ಬೆಟ್ಟದ ತುದಿಯಿಂದ ದಲೈ ಲಾಮಾ ಮಂತ್ರ ಹೇಳುತ್ತಿರುವಂತೆ ತನ್ನ ದನಿ ಕೇಳಬೇಕೆಂದು ಗಾಯಕ ಜಾನ್ ಲೆನನ್ ಬಯಸಿದರಂತೆ. ಎಮೆರಿಕ್ ಅವರು ಹ್ಯಾಮಂಡ್ ಆರ್ಗನ್ನಿನ ಸುತ್ತುವ ಧ್ವನಿವರ್ಧಕದ ಮೂಲಕ ಆ ಕಂಠವನ್ನು ಹಾಯಿಸಿ, ಗೀತದ ಉತ್ತರಾರ್ಧದಲ್ಲಿ ಅದನ್ನು ಬಹುದೂರಕ್ಕೆ ಒಯ್ದರು. ದೊಡ್ಡ ಡ್ರಮ್ಮಿನೊಳಗೆ ಉಣ್ಣೆಯ ಅಂಗಿಯನ್ನು ತುರುಕಿ, ಅಂದಿನ ನಿಯಮಕ್ಕೆ ವಿರುದ್ಧವಾಗಿ ಮೈಕ್ರೋಫೋನನ್ನು ಅದರ ಮುಖಕ್ಕೇ ತಂದು, ಏರಿಳಿತಗಳನ್ನು ಅದುಮುವ ಫೇರ್‌ಚೈಲ್ಡ್ ಯಂತ್ರದಿಂದ ಅದನ್ನು ಬಿಗಿದರು. ಏಪ್ರಿಲ್ 7ರಂದು ಕುಣಿಕೆಯಾಗಿ ಅಂಟಿಸಿದ ಐದು ಟೇಪುಗಳನ್ನು ಕಟ್ಟಡದ ಬೇರೆಬೇರೆ ಯಂತ್ರಗಳಲ್ಲಿ ಏಕಕಾಲದಲ್ಲಿ ತಿರುಗಿಸಿ, ನೌಕರರು ಪೆನ್ಸಿಲಿನಿಂದ ಅವನ್ನು ಬಿಗಿಹಿಡಿದಿರಲು, ಒಂದೊಂದರ ಧ್ವನಿಯನ್ನೂ ಆಗಾಗ ಏರಿಸಿ ಇಳಿಸಿ ಟೇಪಿಗೆ ಸೇರಿಸಿದರು. ಅದನ್ನು ಮತ್ತೊಮ್ಮೆ ಹಾಗೆಯೇ ಮಾಡುವುದು ಸಾಧ್ಯವಿರಲಿಲ್ಲ.

ಇಲ್ಲಿ ವಿಮರ್ಶಕನು ಗಮನಿಸತಕ್ಕ ಅಂಶವು ಯಂತ್ರಚಾತುರ್ಯವಲ್ಲ. ಜನಪ್ರಿಯ ಗೀತಗಳಲ್ಲಿ ಕಂಠವು ಹತ್ತಿರ, ತಾಳವು ದೂರ; ಈ ಗೀತದಲ್ಲಿ ತಾಳವು ಎದೆಗೆ ಬಡಿಯುವಷ್ಟು ಹತ್ತಿರ, ಕಂಠವು ಮೋಡದಾಚೆ. ಅಹಂಕಾರದ ವಿಸರ್ಜನೆಯನ್ನು ಹಾಡುವಲ್ಲಿ ಹಾಡುವವನೇ ಮರೆಯಾಗುವುದು ಅರ್ಥಕ್ಕೆ ಅನುಗುಣವಾಗಿದೆ. ಹತ್ತಿರದೂರಗಳ ಈ ವಿಪರ್ಯಯವನ್ನು ಅರ್ಥವೇ ಬೇಡಿದೆ, ಯಂತ್ರವು ಒದಗಿಸಿದೆ. ಪಾನಕದಲ್ಲಿ ಬೆಲ್ಲ, ಮೆಣಸು, ಏಲಕ್ಕಿಗಳ ರುಚಿ ಬೇರೆಬೇರೆಯಾಗಿ ಎಣಿಕೆಗೆ ಬಾರದೆ ಒಂದೇ ಆಸ್ವಾದವಾಗುವುದೆಂದು ರಸಶಾಸ್ತ್ರಜ್ಞರು ಹೇಳುವ ಪಾನಕರಸನ್ಯಾಯಕ್ಕೆ ಇದು ಸಲ್ಲುವುದು.

ಇದಕ್ಕೆ ಪೂರ್ವಪಕ್ಷವುಂಟು. ಬಡತನವನ್ನೇ ಗುಣವೆಂದು ಹೊಗಳುವುದು ಮುದುಕರ ಚಾಳಿ. ಸಾಧನಗಳ ಕೊರತೆಯಿಂದ ದೋಷಗಳೂ ಹುಟ್ಟಲಿಲ್ಲವೇ ಎಂದು ತರುಣರು ಕೇಳಬಹುದು. ಹುಟ್ಟಿದುವು. ಅಂದು ಒಂದೇ ಧ್ವನಿವರ್ಧಕಕ್ಕೆ ಸಲ್ಲುವ ಮಾನೋ ಮಿಶ್ರಣಕ್ಕೇ ಪ್ರಾಧಾನ್ಯವಿದ್ದಿತು. ಎರಡು ಕಿವಿಗಳಿಗೆ ಹಂಚುವ ಸ್ಟೀರಿಯೋ ಮಿಶ್ರಣಕ್ಕೆ ಅಷ್ಟು ಗಮನ ದೊರೆಯಲಿಲ್ಲ. ‘ಎಲೀನರ್ ರಿಗ್ಬಿ’ಯ 1966ರ ಸ್ಟೀರಿಯೋ ಪಾಠದಲ್ಲಿ ಒಂಟಿ ಕಂಠವು ಬಲಗಡೆಗೆ ಸರಿದು ನಿಲ್ಲುವುದು; ಮೊದಲ ಚರಣದ ಆರಂಭದಲ್ಲಿ ಜೋಡಿಕಂಠವನ್ನು ಸಕಾಲದಲ್ಲಿ ಇಳಿಸದಿದ್ದ ತಪ್ಪೂ ಹಾಗೆಯೇ ಉಳಿದಿದೆ. ಇವು ದೋಷಗಳೇ, ಹಳೆಯವೆಂಬ ಮಾತ್ರಕ್ಕೆ ಪೂಜ್ಯವಲ್ಲ. ಆದರೆ ಇವು ಹುಟ್ಟಿದುದು ನಿರ್ಣಯ ಮಾಡಿದುದರಿಂದಲ್ಲ, ನಿರ್ಣಯಕ್ಕೆ ತಕ್ಕ ಸಮಯವನ್ನು ಕೊಡದಿದ್ದುದರಿಂದ. ಮಾನೋ ಪಾಠದಲ್ಲಾದರೋ ‘ಟುಮಾರೋ ನೆವರ್ ನೋಸ್’ನ ಒಂದು ಮಿಶ್ರಣವನ್ನು ಅಚ್ಚಿಗೆ ಕಳುಹಿಸಿ, ಕೆಲವು ಪ್ರತಿಗಳು ಹೊರಬಿದ್ದ ಮೇಲೆಯೂ ಮಾರ್ಟಿನ್ ಅವರು ಅದನ್ನು ತಡೆದು ಬೇರೊಂದನ್ನು ಹಾಕಿಸಿದರು. ಪಾಠಾಂತರಗಳನ್ನು ತೂಗಿ ಒಂದನ್ನು ಆರಿಸುವ ಸಂಪಾದಕನ ಕಳಕಳಿ ಅದು.

ಈ ಪ್ರಶ್ನೆಯು 2022ರಲ್ಲಿ ಹೊಸ ರೂಪವನ್ನು ತಾಳಿತು. ಒಂದೇ ಟ್ರ್ಯಾಕಿನಲ್ಲಿ ಬೆರೆತುಹೋಗಿದ್ದ ವಾದ್ಯಗಳನ್ನು ಬೇರ್ಪಡಿಸುವ ಗಣಕತಂತ್ರವೊಂದನ್ನು ಚಲನಚಿತ್ರ ನಿರ್ದೇಶಕ ಪೀಟರ್ ಜಾಕ್ಸನ್ ಅವರ ತಂಡವು ಸಿದ್ಧಪಡಿಸಿದ್ದಿತು. ಅದರ ನೆರವಿನಿಂದ ಜಾರ್ಜ್ ಮಾರ್ಟಿನ್ ಅವರ ಮಗ ಜೈಲ್ಸ್ ಮಾರ್ಟಿನ್ ಅವರು ‘ರಿವಾಲ್ವರ್’ಅನ್ನು ಹೊಸದಾಗಿ ಮಿಶ್ರಣ ಮಾಡಿ ಆ ವರ್ಷದ ಅಕ್ಟೋಬರಿನಲ್ಲಿ ಹೊರತಂದರು. ‘ಟ್ಯಾಕ್ಸ್‌ಮನ್’ ಹಾಡಿನಲ್ಲಿ ಗಿಟಾರ್, ಬೇಸ್, ಡ್ರಮ್ ಮೂರೂ ಒಂದೇ ಟ್ರ್ಯಾಕಿನಲ್ಲಿದ್ದವು. ಈಗ ಅವು ಮೂರಾದುವು. ಹಾಲುನೀರುಗಳನ್ನು ಬೇರ್ಪಡಿಸುವ ಹಂಸವು ಯಂತ್ರರೂಪದಿಂದ ಬಂದಿತೆನ್ನಬಹುದು. ಸಂಕರವು ಮರಳಿ ಸಂಸೃಷ್ಟಿಯಾಯಿತು! ಹೊಸ ಮಿಶ್ರಣವು ವಿನಯದಿಂದ ಕೂಡಿದ್ದು ಹಳೆಯ ಸ್ಟೀರಿಯೋ ಪಾಠದ ವಕ್ರತೆಯನ್ನು ತಿದ್ದಿರುವುದು ಸ್ತುತ್ಯವೇ. ಮೂಲದ ಮಾನೋ ಪಾಠವನ್ನೂ ಅದೇ ಸಂಪುಟಗಳಲ್ಲಿ ಪ್ರಕಟಿಸಿದುದು ಇನ್ನೂ ಸ್ತುತ್ಯ. ಆದರೂ ಹೊಸದನ್ನು ವ್ಯಾಖ್ಯಾನವೆಂದು ಓದಬೇಕೇ ಹೊರತು ಮೂಲವೆಂದಲ್ಲ. ಪದಚ್ಛೇದವು ಶ್ಲೋಕವನ್ನು ಅರಿಯುವುದಕ್ಕೆ ಬೇಕು, ಪದಚ್ಛೇದವೇ ಶ್ಲೋಕವಲ್ಲ.

ವಿದ್ಯಾರ್ಥಿಗೆ ಇದರಿಂದ ಬರುವ ಲಾಭವೇನೆಂದರೆ, ಕಲಿಯುವುದಕ್ಕೆ ಬೇರ್ಪಡಿಸುವಿಕೆ, ಒಪ್ಪಿಸುವುದಕ್ಕೆ ಕೂಡಿಸುವಿಕೆ ಎಂಬ ವಿವೇಕ. ಅಪಾರವಾದ ಟ್ರ್ಯಾಕುಗಳನ್ನು ಬಿಸುಡಬೇಕಾಗಿಲ್ಲ; ಅವುಗಳ ನಡುವೆ ನಾಲ್ಕೇ ಇರುವಂತೆ ಆಲೋಚಿಸಬೇಕು. ಹಾಡಿನ ಅರ್ಥವೇನು, ಅದಕ್ಕೆ ಯಾವುದು ಹತ್ತಿರ, ಯಾವುದು ದೂರ, ಯಾವುದು ಕೇಳದಿದ್ದರೂ ಸಲ್ಲುವುದು ಎಂಬುದನ್ನು ಮೊದಲು ನಿಶ್ಚಯಿಸಬೇಕು. ಮೇಳದವರು ಬೆವರಿಳಿಸಿ ನುಡಿಸಿದ ಒಂದು ಸೊಗಸಾದ ಗಿಟಾರಿನ ಸಾಲನ್ನು ಹಾಡಿಗೋಸ್ಕರ ಮುಳುಗಿಸುವ ಧೈರ್ಯವೂ, ಏಕೆ ಮುಳುಗಿಸಿದೆನೆಂದು ಅವರೆದುರು ಹೇಳಬಲ್ಲ ಸತ್ಯವೂ ಅವನಲ್ಲಿರಬೇಕು. ಇವೆರಡಿಲ್ಲದವನಿಗೆ ಸಾವಿರ ಟ್ರ್ಯಾಕುಗಳು ದೊರೆತರೂ ಎಳ್ಳು ಎಳ್ಳೇ, ಅಕ್ಕಿ ಅಕ್ಕಿಯೇ.