ಬಿಟ್ಟುಹೋದ ಅಂಕಿಗಳ ಸೊಗಸು

ಪೋಸ್ಟ್‌ಗ್ರೆಸ್‌ಕ್ಯೂಎಲ್ ಡೇಟಾಬೇಸಿನ ಸೀಕ್ವೆನ್ಸ್ ಕೊಡುವ ಐಡಿಗಳಲ್ಲಿ 41ರ ಬೆನ್ನಿಗೆ ಒಮ್ಮೊಮ್ಮೆ 43 ಬರುತ್ತದೆ. ಹಲವರಿಗೆ ಅದು ದೋಷ. ನನಗೆ ಅಲ್ಲೇ ಕುಸುರಿ ಕಾಣುತ್ತದೆ. 42ನ್ನು ಪಡೆದ ವಹಿವಾಟು ರದ್ದಾದರೂ ಆ ಸಂಖ್ಯೆ ಹಿಂದಿರುಗುವುದಿಲ್ಲ. ಹಿಂದಿರುಗಬೇಕಾದರೆ ಆ ವಹಿವಾಟು ಇತ್ಯರ್ಥವಾಗುವ ತನಕ ಉಳಿದವರೆಲ್ಲ ಸಾಲುಗಟ್ಟಿ ನಿಲ್ಲಬೇಕಿತ್ತು. ಸೀಕ್ವೆನ್ಸ್ ಯಾರನ್ನೂ ಹಾಗೆ ಕಾಯಿಸದು: ಸಂಖ್ಯೆ ಕೊಟ್ಟು, ಮರೆತು, ಮುಂದೆ ಸಾಗುತ್ತದೆ. ಪ್ರತಿ ಸಂಖ್ಯೆಗೂ ಲಾಗ್ ಬರೆಯದೆ, 32 ಸಂಖ್ಯೆಗಳಷ್ಟು ಮುಂದಕ್ಕೆ ಒಮ್ಮೆಲೇ ಬರೆದಿಡುತ್ತದೆ. ಸರ್ವರ್ ದಿಢೀರನೆ ಕುಸಿದರೆ ಕೆಲವು ಅಂಕಿ ಹಾರಿಹೋದಾವು, ಆದರೆ ದಾಖಲಾದ ಅಂಕಿ ಮರುಕಳಿಸದು.

ಹೀಗೆ ಪೋಲು ಮಾಡಿದರೆ ಸಂಖ್ಯೆ ಮುಗಿಯದೇ ಎಂಬ ಆಕ್ಷೇಪ ಹುಸಿಯೇನಲ್ಲ. ಇಂಟಿಜರ್ ಕಾಲಂ 2,14,74,83,647ಕ್ಕೆ ನಿಂತುಬಿಡುತ್ತದೆ. ಕಂಡಿ ತುಂಬಲು ಹೆಣಗುವುದಕ್ಕಿಂತ ಬಿಗ್‌ಇಂಟ್ ಒಳ್ಳೆಯ ಮದ್ದು: ಸೆಕೆಂಡಿಗೆ ಹತ್ತು ಲಕ್ಷ ಖರ್ಚಾದರೂ ಅದು ಎರಡೂ ಮುಕ್ಕಾಲು ಲಕ್ಷ ವರ್ಷ ದಾಟಿ ಬಾಳುತ್ತದೆ. ಜಿಎಸ್‌ಟಿ ಬಿಲ್ಲಿಗೆ ಅನುಕ್ರಮ ಸಂಖ್ಯೆ ಬೇಕಲ್ಲ ಎನ್ನಬಹುದು. ಬೇಕು, ನಿಜ. ಅದಕ್ಕೆ ನಿಧಾನದ ಬೆಲೆ ತೆತ್ತು, ಲಾಕ್ ಹಾಕುವ ಪ್ರತ್ಯೇಕ ಎಣಿಕೆಯ ಕೋಷ್ಟಕ ಇಡೋಣ. ಐಡಿಯ ಕೆಲಸ ಎಣಿಸುವುದಲ್ಲ, ಗುರುತಿಸುವುದು. ಆ ಒಂದನ್ನೇ ಇಷ್ಟು ಅಚ್ಚುಕಟ್ಟಾಗಿ ಮಾಡುವ ಸಾಧನಕ್ಕೆ ಶಹಬ್ಬಾಸ್ ಎನ್ನಲೇಬೇಕು.