ಲೋಂಡಾದ ಪಡಸಾಲೆಯೂ ಬೆಳಗಾವಿಯ ಸೋಫಾ ಸೆಟ್ಟೂ

ಸೋಫಾದ ಲೆಕ್ಕವನ್ನು ಮೊದಲು ಅಡಿಯಲ್ಲಿ ಮಾಡಬೇಕು, ರೂಪಾಯಿಯ ಲೆಕ್ಕ ಆಮೇಲೆ. ಹತ್ತು ಅಡಿ ಅಗಲ, ಹನ್ನೆರಡು ಅಡಿ ಉದ್ದದ ಪಡಸಾಲೆಯ ನೆಲ 120 ಚದರ ಅಡಿ. ಮೂವರು ಕೂರುವ ಸೋಫಾ ಆರೂವರೆ ಅಡಿ ಉದ್ದ, ಮೂರಡಿ ಆಳ ಇರುತ್ತದೆ. ಅದರ ಜೊತೆಗೆ ಬರುವ ಎರಡು ಒಂಟಿ ಸೋಫಾಗಳು ಮೂರು ಮೂರು ಅಡಿ, ಟೀಪಾಯಿ ನಾಲ್ಕಕ್ಕೆ ಎರಡು. ಕೂಡಿಸಿದರೆ 45 ಚದರ ಅಡಿ ದಾಟುತ್ತದೆ. ಉಳಿದದ್ದರಲ್ಲಿ ಹೊರಬಾಗಿಲು, ಅಡುಗೆಮನೆಯ ಬಾಗಿಲು, ಮಲಗುವ ಕೋಣೆಯ ಬಾಗಿಲು ತೆರೆಯಬೇಕು, ಟಿ.ವಿ. ನಿಲ್ಲಬೇಕು, ಮನೆಯವರು ಓಡಾಡಬೇಕು. ಪ್ರಧಾನಮಂತ್ರಿ ಆವಾಸ್ ಗ್ರಾಮೀಣ ಯೋಜನೆಯಲ್ಲಿ ಒಂದು ಇಡೀ ಮನೆಗೆ ನಿಗದಿಯಾದ ಕನಿಷ್ಠ ಅಳತೆ 25 ಚದರ ಮೀಟರ್, ಅಂದರೆ ಸುಮಾರು 269 ಚದರ ಅಡಿ. ಅಂಥ ಮನೆಯ ಆರನೇ ಒಂದು ಪಾಲನ್ನು ಒಂದು ಸೋಫಾ ಸೆಟ್ಟೇ ನುಂಗುತ್ತದೆ.

ಆದರೂ ಕೊಳ್ಳುತ್ತಾರೆ. ಹೊಸ ಮನೆ ಕಟ್ಟಿದರೆ, ಮಗಳನ್ನು ನೋಡಲು ಬೀಗರು ಬರುವರೆಂದರೆ, ಮಗನ ಮದುವೆ ಗೊತ್ತಾದರೆ ಮೊದಲು ನೆನಪಾಗುವುದು ಸೋಫಾ ಸೆಟ್ಟು.

ಲೋಂಡಾದಂಥ ಊರಿಗೆ ಇದು ಹೆಚ್ಚು ತೊಡಕಿನ ಖರೀದಿ. ಖಾನಾಪುರ ತಾಲ್ಲೂಕಿನ ಈ ಜಂಕ್ಷನ್ನಿನಿಂದ ಒಂದು ಹಳಿ ಬೆಳಗಾವಿಗೆ, ಒಂದು ಹುಬ್ಬಳ್ಳಿಗೆ, ಇನ್ನೊಂದು ಘಟ್ಟ ಇಳಿದು ಗೋವಾಕ್ಕೆ ಹೋಗುತ್ತದೆ. ದೊಡ್ಡ ಫರ್ನಿಚರ್ ಅಂಗಡಿ ಬೇಕೆಂದರೆ ಸುಮಾರು ಐವತ್ತು ಕಿಲೋಮೀಟರ್ ದೂರದ ಬೆಳಗಾವಿಗೇ ಹೋಗಬೇಕು. ಅಲ್ಲಿ ಎತ್ತರದ ಚಾವಣಿ, ಬೆಳ್ಳನೆ ದೀಪ, ಸುತ್ತ ಹತ್ತಾರು ಅಡಿ ಖಾಲಿ ಜಾಗ. ಅಷ್ಟು ಬಯಲಿನಲ್ಲಿ ಎಂಥ ಸೋಫಾ ಆದರೂ ಸಣ್ಣದಾಗಿಯೇ ಕಾಣುತ್ತದೆ. ಟೆಂಪೋದಲ್ಲಿ ಊರಿಗೆ ಬಂದು ಬಾಗಿಲ ಚೌಕಟ್ಟಿನಲ್ಲಿ ಓರೆಯಾಗಿ ಸಿಕ್ಕಿಕೊಂಡಾಗಲೇ ಅದರ ನಿಜವಾದ ಗಾತ್ರ ತಿಳಿಯುವುದು. ಅಳತೆಪಟ್ಟಿ ಕಿಸೆಯಲ್ಲಿಟ್ಟುಕೊಂಡು ಅಂಗಡಿಗೆ ಹೋಗುವವರು ಕಡಿಮೆ. ಹೊಸ ಮನೆಯ ನೆಲದ ಮೇಲೆ ಸೀಮೆಸುಣ್ಣದಿಂದ ಸೋಫಾದ ಗಾತ್ರದ ಚೌಕ ಬರೆದು, ಅದನ್ನು ದಾಟಿ ನೀರಿನ ಕೊಡ ಹೊತ್ತು ಅಡುಗೆಮನೆಗೆ ಹೋಗಲು ಬರುತ್ತದೆಯೇ ಎಂದು ನೋಡುವವರು ಇನ್ನೂ ಕಡಿಮೆ.

ಅಳತೆಯ ತಪ್ಪನ್ನು ಹೇಗೋ ಸಹಿಸಿಕೊಳ್ಳಬಹುದು, ಮಳೆಯನ್ನು ಸಹಿಸುವುದು ಕಷ್ಟ. ಲೋಂಡಾ ಘಟ್ಟದ ಅಂಚಿನ ಊರು. ಮಲಪ್ರಭೆ ಹುಟ್ಟುವ ಕಣಕುಂಬಿಯೂ ಇದೇ ತಾಲ್ಲೂಕಿನಲ್ಲಿದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗೋಡೆ ಬೆವರುತ್ತದೆ, ಬಟ್ಟೆ ಒಣಗುವುದಿಲ್ಲ. ಈ ಹವೆಯಲ್ಲಿ ದಪ್ಪ ಫೋಮು, ಅದರ ಮೇಲೆ ಬಿಗಿಯಾಗಿ ಹೊದಿಸಿದ ರೆಕ್ಸಿನ್, ಹಿಂಬದಿ ಗೋಡೆಗೆ ಅಂಟಿಸಿ ನಿಲ್ಲಿಸಿದ ಬೆನ್ನು, ಮೂರೂ ಸೇರಿದರೆ ಗಾಳಿಯಾಡಲು ಎಡೆಯೇ ಇರುವುದಿಲ್ಲ. ಗಣಪತಿ ಹಬ್ಬಕ್ಕೆಂದು ಸೋಫಾ ಸರಿಸಿದರೆ ಹಿಂದೆ ಬೂಷ್ಟು. ಪಾರ್ಟಿಕಲ್ ಬೋರ್ಡಿನ ಟಿ.ವಿ. ಸ್ಟ್ಯಾಂಡಿನದು ಇನ್ನೂ ಕೆಟ್ಟ ಅವಸ್ಥೆ. ಮರದ ಪುಡಿಯನ್ನು ಅಂಟಿನಿಂದ ಒತ್ತಿ ಮಾಡಿದ ಹಲಗೆ ಅದು. ನೆಲ ಒರೆಸಿದ ನೀರು ಅಂಚಿನಿಂದ ಒಳಸೇರಿತೆಂದರೆ ಉಬ್ಬುತ್ತದೆ, ಒಣಗಿದ ಮೇಲೂ ಮೊದಲಿನ ಆಕಾರಕ್ಕೆ ಬರುವುದಿಲ್ಲ, ಸ್ಕ್ರೂ ಹಿಡಿಯುವುದಿಲ್ಲ. ಮೇಲಿನ ಹೊಳಪು ನೋಡಿ ಅದನ್ನು ಪ್ಲೈವುಡ್ ಎಂದು ನಂಬಿ ಕೊಂಡವರಿಗೆ ಮೊದಲ ಮಳೆಗಾಲದಲ್ಲೇ ಸತ್ಯ ಗೊತ್ತಾಗುತ್ತದೆ. ಪ್ಲೈವುಡ್ಡಿನಲ್ಲೂ ತರತಮವಿದೆ: ಐ.ಎಸ್. 303 ಗುರುತಿನದು ಮನೆಯೊಳಗಿನ ಸಾಮಾನ್ಯ ಬಳಕೆಗೆ, ಐ.ಎಸ್. 710 ಗುರುತಿನ ಮರೀನ್ ಪ್ಲೈ ನೀರಿಗೆ ಹೆಚ್ಚು ತಡೆಯುವಂಥದ್ದು. ಈ ಅಂಕಿ ಹಲಗೆಯ ಮೇಲೆಯೇ ಒತ್ತಿರುತ್ತದೆ, ಸನ್‌ಮೈಕಾ ಅಂಟಿಸಿದ ಮೇಲೆ ಕಾಣುವುದಿಲ್ಲ.

ಹಾಗಾದರೆ ಸಾಗವಾನಿ? ಸುತ್ತ ಕಾಡು, ದಾಂಡೇಲಿಯ ಸರ್ಕಾರಿ ಕಟ್ಟಿಗೆ ಡಿಪೋ ದೂರವಿಲ್ಲ, ಆದ್ದರಿಂದ ಇಲ್ಲಿನ ಮನೆಯಲ್ಲಿ ಸಾಗವಾನಿಯೇ ಇರಬೇಕೆಂಬ ಅಭಿಮಾನ ಸಹಜ. ಕಟ್ಟಿಗೆಯೂ ಆ ಅಭಿಮಾನಕ್ಕೆ ತಕ್ಕದ್ದೇ. ಸಾಗವಾನಿಯ ಕೆಚ್ಚಿನಲ್ಲಿರುವ ಎಣ್ಣೆ ಮತ್ತು ರಾಸಾಯನಿಕಗಳು ಗೆದ್ದಲನ್ನು ದೂರವಿಡುತ್ತವೆ. ಮಳೆಗಾಲಕ್ಕೆ ಹಿಗ್ಗಿ ಬೇಸಿಗೆಗೆ ಕುಗ್ಗುವ ಗುಣ ಅದರಲ್ಲಿ ಕಡಿಮೆ. ಆದರೆ ಈ ಮಾತು ಕೆಚ್ಚಿಗೆ ಮಾತ್ರ. ಹೊರಗಿನ ಬಿಳಿ ಭಾಗವನ್ನು ಹುಳ ತಿನ್ನುತ್ತದೆ, ಅದೇ ಬಿಳಿ ಭಾಗಕ್ಕೆ ಬಣ್ಣದ ಪಾಲಿಶ್ ಬಳಿದು ಕೆಚ್ಚಿನ ಜೊತೆ ಮಾರುವುದೂ ಉಂಟು. ಮ್ಯಾನ್ಮಾರ್ ದೇಶ 2014ರ ಏಪ್ರಿಲ್‌ನಿಂದ ದಿಮ್ಮಿಗಳ ರಫ್ತನ್ನು ನಿಲ್ಲಿಸಿದ ಮೇಲೆ ಭಾರತದ ಪೇಟೆಗೆ ಆಫ್ರಿಕಾ, ದಕ್ಷಿಣ ಅಮೆರಿಕಗಳ ನೆಡುತೋಪಿನ ಎಳೆಯ ಸಾಗವಾನಿ ಹೆಚ್ಚಾಗಿ ಬರುತ್ತಿದೆ. ಕಾಡಿನ ಪಕ್ಕದ ಲೋಂಡಾದಲ್ಲಿ ಇಕ್ವೆಡಾರ್ ದೇಶದ ಸಾಗವಾನಿಯ ಮೇಲೆ ಕೂತು ಚಹಾ ಕುಡಿಯುವುದು ಈಗ ಅಸಂಭವವೇನಲ್ಲ.

ಸೋಫಾದಲ್ಲಂತೂ ಮೋಸ ಕಂಡುಹಿಡಿಯುವುದು ಇನ್ನೂ ಕಷ್ಟ, ಏಕೆಂದರೆ ಚೌಕಟ್ಟು ಬಟ್ಟೆಯೊಳಗಿರುತ್ತದೆ. ಕೈಯೂರುವ ಭಾಗವಷ್ಟೇ ಸಾಗವಾನಿ, ಒಳಗೆ ಪೆಟ್ಟಿಗೆಯ ಕಟ್ಟಿಗೆ ಎಂಬಂಥ ಸೋಫಾಗಳಿವೆ. ಅಂಗಡಿಯಲ್ಲಿ ಅದನ್ನು ಬೋರಲು ಹಾಕಿ ಅಡಿಯ ಬಟ್ಟೆ ಸರಿಸಿ ನೋಡಲು ಸಂಕೋಚ ಬೇಡ. ಫೋಮಿನದೂ ಹಾಗೆಯೇ. 32, 40 ಎಂದು ‘ಡೆನ್ಸಿಟಿ’ ಹೇಳಿ ಮಾರುತ್ತಾರೆ. ಒಂದು ಘನ ಮೀಟರ್ ಫೋಮು ಎಷ್ಟು ಕೆ.ಜಿ. ತೂಗುತ್ತದೆ ಎಂಬುದೇ ಆ ಅಂಕಿ. ಕಡಿಮೆ ಅಂಕಿಯದು ಬೇಗ ಕುಸಿಯುತ್ತದೆ. ಕುಸಿದ ಸೋಫಾದಿಂದ ಮಂಡಿನೋವಿನ ಅಜ್ಜಿ ಏಳಬೇಕಾದರೆ ಇಬ್ಬರು ಕೈ ಹಿಡಿಯಬೇಕು. ಆಸನ ನೆಲದಿಂದ ಹದಿನೇಳು, ಹದಿನೆಂಟು ಅಂಗುಲ ಎತ್ತರವಿದ್ದು ಗಟ್ಟಿಯಾಗಿದ್ದರೆ ಅವರಿಗೆ ಒಳ್ಳೆಯದು. ಷೋರೂಮಿನ ಅಂದಕ್ಕೆ ಮಾತ್ರ ತಗ್ಗು, ಮೆತ್ತನೆಯದೇ ಬೇಕು.

ಇದಕ್ಕಿಂತ ಚೆನ್ನಾದ ಮಾದರಿಯನ್ನು ರೈಲಿನ ಊರಿನವರು ದೂರ ಹುಡುಕಬೇಕಿಲ್ಲ. ಬ್ರಿಟಿಷರ ಕಾಲದ ಪ್ರತೀಕ್ಷಾಲಯಗಳಲ್ಲಿ ಇರುತ್ತಿದ್ದ ಆರಾಮ ಕುರ್ಚಿಯನ್ನು ನೆನೆಯಬಹುದು: ಸಾಗವಾನಿಯ ಚೌಕಟ್ಟು, ಬೆತ್ತದ ಹೆಣಿಗೆಯ ಆಸನ, ಕಾಲು ಚಾಚಲು ಉದ್ದನೆಯ ಕೈಗಳು. ಬೆತ್ತದೊಳಗೆ ಗಾಳಿ ಓಡುತ್ತದೆ, ತೇವ ನಿಲ್ಲುವುದಿಲ್ಲ. ಹರಿದರೆ ಹೆಣಿಗೆಯನ್ನಷ್ಟೇ ಮತ್ತೆ ಹಾಕಿಸಿದರಾಯಿತು. ಯುರೋಪಿನಲ್ಲಿ ಮಿಖಾಯೆಲ್ ಥೋನೆಟ್ 1859ರಲ್ಲಿ ಹೊರತಂದ 14ನೇ ನಂಬರಿನ ಕುರ್ಚಿಯೂ ಬೆತ್ತದ ಆಸನದ್ದೇ. ಹಬೆಯಲ್ಲಿ ಬಗ್ಗಿಸಿದ ಮರದ ಆರು ಬಿಡಿಭಾಗ, ಒಂದಷ್ಟು ಸ್ಕ್ರೂ, ಎರಡು ನಟ್ಟು. ಬಿಚ್ಚಿಟ್ಟ 36 ಕುರ್ಚಿಗಳು ಒಂದು ಘನ ಮೀಟರಿನ ಪೆಟ್ಟಿಗೆಯಲ್ಲಿ ಹಿಡಿಸುತ್ತಿದ್ದವು. ವರ್ಗಾವಣೆಯಾದಾಗಲೆಲ್ಲ ಕ್ವಾರ್ಟರ್ಸ್ ಖಾಲಿ ಮಾಡುವ ರೈಲ್ವೆ ನೌಕರನ ಮನೆಗೆ ಬೇಕಾದ ಬುದ್ಧಿ ಇದು. ಒಂದೇ ತುಂಡಾಗಿ ಬರುವ ‘ಎಲ್’ ಆಕಾರದ ಸೋಫಾ ಒಂದು ಕ್ವಾರ್ಟರ್ಸಿನ ಮೂಲೆಗೆ ಸರಿಹೊಂದಿದರೆ ಮುಂದಿನದರಲ್ಲಿ ಬಾಗಿಲಿಗೆ ಅಡ್ಡ ನಿಲ್ಲುತ್ತದೆ.

ಹಳೆಯದೆಲ್ಲ ಚೆಂದ ಎಂದೇನಲ್ಲ. ಲೋಂಡಾದಿಂದ ಹೊರಟ ರೈಲು ಕ್ಯಾಸಲ್‌ರಾಕ್ ದಾಟಿ, 37 ಅಡಿಗೆ ಒಂದು ಅಡಿಯ ಕಡಿದಾದ ಇಳಿಜಾರಿನಲ್ಲಿ ದೂಧಸಾಗರ ಇಳಿದು, ಮಡಗಾವಿಗೆ ಮೊದಲು ಚಾಂದೋರನ್ನು ಹಾದುಹೋಗುತ್ತದೆ. ಅಲ್ಲಿನ ಮೆನೆಜಿಸ್ ಬ್ರಗಾಂಜಾ ಬಂಗಲೆಯಲ್ಲಿ ಕೆತ್ತನೆಯ ಕುರ್ಚಿ, ಸೋಫಾಗಳು ಇವತ್ತೂ ಇವೆ. ಪೋರ್ಚುಗೀಸ್ ಗೋವಾದ ಸಿರಿವಂತಿಕೆ ಬೀಟೆಯ ಮರದಲ್ಲಿ ಹೇಗೆ ಅರಳಿತೆಂದು ನೋಡಲು ಅದು ಒಳ್ಳೆಯ ಜಾಗ. ಆದರೆ ನೃತ್ಯಶಾಲೆಯಿದ್ದ ಮನೆಯ ಸಾಮಾನು ಅದು. ಹಿಂಬದಿಯ ಕೆತ್ತನೆಯ ಹೂಬಳ್ಳಿಯಲ್ಲಿ ಕೂತ ಧೂಳು ಒರೆಸಲು ಕೂಡ ಆಳು ಬೇಕು. ಅದರ ಅಗ್ಗದ ನಕಲುಗಳು, ಸಿಂಹದ ಪಂಜ, ನವಿಲಿನ ಗರಿ ಕೊರೆದ ‘ಮಹಾರಾಜ’ ಸೋಫಾಗಳು, ಸಣ್ಣ ಪಡಸಾಲೆಯಲ್ಲಿ ನಾಟಕದ ರಂಗಸಜ್ಜಿಕೆಯಂತೆ ಕಾಣುತ್ತವೆ. ಬೀಟೆಯ ಕುಲವನ್ನೇ 2017ರ ಜನವರಿಯಿಂದ ಅಂತರರಾಷ್ಟ್ರೀಯ ವ್ಯಾಪಾರವನ್ನು ನಿಯಂತ್ರಿಸುವ ಸೈಟಿಸ್ ಪಟ್ಟಿಗೆ ಸೇರಿಸಲಾಗಿದೆ. ಬೇಡಿಕೆ ಎಲ್ಲಿಗೆ ಮುಟ್ಟಿತ್ತು ಎಂಬುದಕ್ಕೆ ಅಷ್ಟು ಸಾಕು.

ಪ್ಲಾಸ್ಟಿಕ್ ಕುರ್ಚಿಯ ಬಗ್ಗೆ ಎರಡು ಮಾತು. ಅಭಿರುಚಿಯುಳ್ಳವರು ಅದನ್ನು ಹೀಗಳೆಯುತ್ತಾರೆ. ಫ್ರಾನ್ಸಿನ ಆನ್ರಿ ಮಾಸೊನೆ 1972ರಲ್ಲಿ ಮಾಡಿದ ಒಂದೇ ಅಚ್ಚಿನ ಕುರ್ಚಿಯ ಸಂತತಿ ಇದು. ಇದರ ಮೇಲೆಯೇ ಜರ್ಮನಿಯ ವಿತ್ರಾ ವಿನ್ಯಾಸ ಸಂಗ್ರಹಾಲಯ 2017ರಲ್ಲಿ ಪ್ರದರ್ಶನ ಏರ್ಪಡಿಸಿತ್ತು. ಲೋಂಡಾದ ಮಳೆಯಲ್ಲಿ ಕೊಳೆಯದ, ಒಂದರ ಮೇಲೊಂದು ಏರಿಸಿ ಮೂಲೆಗಿಡಬಹುದಾದ, ಹತ್ತು ಜನ ಬಂದಾಗ ಪಕ್ಕದ ಮನೆಯಿಂದ ಎರವಲು ತರಬಹುದಾದ ಆಸನ ಬೇರೆ ಯಾವುದಿದೆ? ಬಿಸಿಲಿಗೆ ಇಟ್ಟರೆ ಪೆಡಸಾಗಿ ಕಾಲು ಮುರಿಯುತ್ತದೆ, ಮುರಿದದ್ದನ್ನು ಬಡಿಗೇರನೂ ಸರಿಮಾಡಲಾರ. ದೋಷ ಇಷ್ಟು. ಉಪಯೋಗದಲ್ಲಿ ಅದು ಅರ್ಧಕ್ಕರ್ಧ ಸೋಫಾಗಳಿಗಿಂತ ಮೇಲು.

ಈ ಭಾಗದ ಪಡಸಾಲೆಗೆ ನಿಜವಾದ ಪರೀಕ್ಷೆ ಭಾದ್ರಪದದಲ್ಲಿ. ಬೆಳಗಾವಿ, ಖಾನಾಪುರದ ಕಡೆ ಗಣಪತಿ ಬಹುಪಾಲು ಮನೆಗಳಿಗೆ ಬರುತ್ತಾನೆ. ಒಂದೂವರೆ ದಿನವೋ, ಐದು ದಿನವೋ, ಅನಂತ ಚತುರ್ದಶಿಯವರೆಗೋ ಇರುತ್ತಾನೆ. ಮಂಟಪ ಕಟ್ಟುವುದು ಪಡಸಾಲೆಯಲ್ಲೇ. ಆರತಿಗೆ ಓಣಿಯವರು ಸೇರುತ್ತಾರೆ, ಎಲ್ಲರೂ ನೆಲದ ಮೇಲೆ ಕೂರಬೇಕು. ಸೋಫಾ ಸೆಟ್ಟಿರುವ ಮನೆಯಲ್ಲಿ ಆಗ ಟೀಪಾಯಿ ಹಿತ್ತಲಿಗೆ, ಒಂಟಿ ಸೋಫಾಗಳು ಮಂಚದ ಮೇಲೆ, ಉದ್ದನೆಯದು ಎಲ್ಲಿಗೂ ಹೋಗದೆ ಮಂಟಪವನ್ನೇ ಪಕ್ಕಕ್ಕೆ ತಳ್ಳುತ್ತದೆ. ದಿವಾನ ಇರುವ ಮನೆಯಲ್ಲಿ ಈ ಪೇಚಾಟವಿಲ್ಲ. ಗೋಡೆಗೆ ಒತ್ತಿ ಹಾಕಿದ ಆರಡಿ ಉದ್ದ, ಎರಡೂವರೆ ಅಡಿ ಅಗಲದ ದಿವಾನದ ಮೇಲೆ ಹಗಲು ನಾಲ್ವರು ಕೂರುತ್ತಾರೆ, ರಾತ್ರಿ ಒಬ್ಬರು ಮಲಗುತ್ತಾರೆ, ಅದರ ಪೆಟ್ಟಿಗೆಯೊಳಗೆ ಕೌದಿ, ಜಮಖಾನ ಸೇರುತ್ತವೆ. ಗಾದಿ ತೆಗೆದು ಬಿಸಿಲಿಗೆ ಹಾಕಬಹುದು. ದಿವಾನ, ಎರಡು ಬೆತ್ತದ ಕುರ್ಚಿ, ಹಬ್ಬಕ್ಕೆ ಹಾಸಲು ಜಮಖಾನ: 120 ಚದರ ಅಡಿಗೆ ಇಷ್ಟು ಸಾಕು. ಊರಿನ ಬಡಿಗೇರನಿಂದ ಹಲಸಿನದೋ ಅಕೇಶಿಯಾದ್ದೋ ಒಣಗಿದ ಕಟ್ಟಿಗೆಯಲ್ಲಿ ಮಾಡಿಸಿದರೆ ಅಳತೆಯೂ ಮನೆಯದೇ, ರಿಪೇರಿಯೂ ಊರಲ್ಲೇ.

ತೂಗುಮಂಚದ ಆಸೆ ಇನ್ನೂ ಹಲವರಿಗಿದೆ. ಗಾಳಿಯಾಡುತ್ತದೆ, ಕೆಳಗೆ ಕಸ ಗುಡಿಸಲು ಅಡ್ಡಿಯಿಲ್ಲ, ಹಬ್ಬಕ್ಕೆ ಸರಪಳಿ ಬಿಚ್ಚಿ ಗೋಡೆಗೆ ಆನಿಸಿದರೆ ಪಡಸಾಲೆ ಪೂರ್ತಿ ಖಾಲಿ. ಆದ್ದರಿಂದ ದಿವಾನಕ್ಕಿಂತಲೂ ಅದು ಒಂದು ಕೈ ಮೇಲು. ಆದರೆ ತೂಗಲು ಮುಂದೆ ಹಿಂದೆ ಎರಡು ಮೂರು ಅಡಿ ಜಾಗ ಬಿಡಬೇಕು. ಹಳೆಯ ಹೆಂಚಿನ ಮನೆಯಲ್ಲಿ ದಪ್ಪ ತೊಲೆಗೆ ನೇರವಾಗಿ ಕಟ್ಟಬಹುದು. ಆರ್.ಸಿ.ಸಿ. ಮನೆಯಾದರೆ ಸ್ಲ್ಯಾಬಿಗೆ ಕಾಂಕ್ರೀಟ್ ಹಾಕುವ ಮೊದಲೇ ಕೊಂಡಿಗಳನ್ನು ಒಳಗಿನ ಕಬ್ಬಿಣಕ್ಕೆ ಸೇರಿಸಿ ಕೂರಿಸುವಂತೆ ಎಂಜಿನಿಯರಿಗೆ ಹೇಳಿರಬೇಕು. ಆಮೇಲೆ ಡ್ರಿಲ್ ಮಾಡಿ ಬೋಲ್ಟ್ ಹಾಕಿಸಿದರೆ ನಾಲ್ವರು ಕೂತು ತೂಗುವ ಭಾರಕ್ಕೆ ಅದನ್ನು ನಂಬುವಂತಿಲ್ಲ.